ಎಡಗಾಲಿಗೆ ತುಸು ಸಡಿಲ

ನಾನೂರು ವಿಸಿಟಿಂಗ್ ಕಾರ್ಡು ಉಳಿದಿವೆ.
ಏರಿಯಾ ಮ್ಯಾನೇಜರ್, ಕೋಲಾರ, ಚಿಂತಾಮಣಿ, ಮುಳಬಾಗಿಲು.
ನೀಲಿ ಅಕ್ಷರ, ಮೂಲೆಯಲ್ಲಿ ಹೊಂಬಣ್ಣದ ಎಲೆ.
ಅಂಟು ಸವರಲು ಇದಕ್ಕಿಂತ ಒಳ್ಳೆಯ ಸಲಕರಣೆ ಸಿಗದು:
ಬಾಗುತ್ತದೆ, ಮುರಿಯುವುದಿಲ್ಲ,
ದಿನಕ್ಕೆ ಎರಡು ಸಾಕು.
ಲೆಕ್ಕ ಹಾಕಿದ್ದೇನೆ, ಯುಗಾದಿ ದಾಟಿಯೂ ಬರುತ್ತವೆ.

ಹದಿನೆಂಟು ವರ್ಷ ನನ್ನ ಹೆಸರು 'ಕಂಪನಿಯವರು'.
'ಕಂಪನಿಯವರು ಕೂತಿರಿ, ಪೇಷಂಟೆಲ್ಲ ಮುಗೀಲಿ.'
ಕಾಯಿಲೆಯಿಲ್ಲದ ನಾನು ಕಾಯಿಲೆಯವರ ನಡುವೆ
ಟೈ ಕಟ್ಟಿ, ತೊಡೆಯ ಮೇಲೆ ಬ್ಯಾಗಿಟ್ಟು,
ಮುಖ ನೋಡಿದರೆ ಮಾತಾಡಬೇಕಾದೀತೆಂದು
ನೆಲ ನೋಡುತ್ತಿದ್ದೆ.
ಹಾಗೆ ಕಂಡವು ಕಾಲುಗಳು.

ಟೊಮೆಟೊ ಮಂಡಿಯ ಕಾಲು, ಹುಳುಮನೆಯ ಕಾಲು,
ಹವಾಯಿ ಚಪ್ಪಲಿಯ ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿದ ಕಾಲು,
ಪಿನ್ನು ತಿರುಗಿ ಮಾಂಸಕ್ಕೆ ಹೊಕ್ಕರೂ
ಅರಿವಿಲ್ಲದೆ ಬಸ್ಸು ಹತ್ತಿ ಬಂದ ಕಾಲು.
ಸಕ್ಕರೆ ಕಾಯಿಲೆ ಮೊದಲು ಕದಿಯುವುದು ನೋವನ್ನೇ.
ಅದನ್ನು ನಾನೇ ಡಾಕ್ಟರಿಗೆ ತೋರಿಸುತ್ತಿದ್ದೆ
ಬಣ್ಣದ ಹಾಳೆಯಲ್ಲಿ, ನಲವತ್ತು ಸೆಕೆಂಡಿನಲ್ಲಿ,
ಮಾತ್ರೆಯ ಹೆಸರು ಮೂರು ಸಲ ಬರುವ ಹಾಗೆ.

ಒಂದು ಮಾರ್ಚಿ ಇಪ್ಪತ್ತೊಂಬತ್ತು,
ಟಾರ್ಗೆಟ್ಟಿಗೆ ಇನ್ನೂ ಹನ್ನೊಂದು ಪರ್ಸೆಂಟು ಕೊರತೆ.
ಬೆಂಚಿನ ತುದಿಯಲ್ಲಿ ಒಬ್ಬಾಕೆ
ಹಳೆ ಟಯರು ಕುಯ್ದು ತಾನೇ ಮಾಡಿದ ಮೆಟ್ಟು ಮೆಟ್ಟಿ ಕೂತಿದ್ದಳು.
ಹುಣ್ಣಿರುವ ಕಡೆ ಬೆಂಕಿಪೊಟ್ಟಣದಷ್ಟು ಚೌಕ ಕತ್ತರಿಸಿ ತೆಗೆದಿದ್ದಳು.
'ಇಲ್ಲಿ ತಾಕಬಾರ್ದಲ್ಲ ಸಾರ್' ಅಂದಳು, ಅಷ್ಟೇ.
ನನ್ನ ಬ್ಯಾಗಿನಲ್ಲಿ ಹತ್ತು ಸಾವಿರದ ಸ್ಯಾಂಪಲ್ಲಿತ್ತು.

ಕೆಲಸ ಬಿಟ್ಟೆ ಎನ್ನುವುದು ಪೂರ್ತಿ ನಿಜವಲ್ಲ.
ಕಂಪನಿ ಇನ್ನೊಂದು ಕಂಪನಿಯ ಹೊಟ್ಟೆ ಸೇರಿತು,
ನನ್ನ ಮೂರು ತಾಲ್ಲೂಕು ಒಬ್ಬ ಹುಡುಗನ ಫೋನು ಸೇರಿದವು.
ಬೇರೆಡೆಯಿಂದ ಕರೆ ಬಂತು, ನಾನು ಹೋಗಲಿಲ್ಲ.
ಅಷ್ಟು ಭಾಗ ನನ್ನದು.

ಕ್ಲಾಕ್ ಟವರ್ ಹತ್ತಿರ, ಪಿಲ್ಲಪ್ಪನ ತೇಪೆ ಕೊಡೆಯ ಕೆಳಗೆ
ಗೋಣಿತಾಟಿನ ಮೇಲೆ ಕೂರಲು ಮಂಡಿ ಒಪ್ಪಲು ಹದಿನೈದು ದಿನ,
ಉಳಿ ಹಿಡಿತಕ್ಕೆ ಬರಲು ಇನ್ನೊಂದು ತಿಂಗಳು.
ನಾನು ಗೀಟೆಳೆದು ಮಿಲಿಮೀಟರು ಬರೆಯುತ್ತಿದ್ದರೆ
'ಕಾಲು ಚೂಡು ಸಾಮಿ, ಕಾಗಿತಂ ಕಾದು' ಎನ್ನುವನು.
ಅಪ್ಪನ ಕಾಲದಲ್ಲಿ ನಮ್ಮ ಜಗುಲಿಯ ಕೆಳಗೇ ನಿಂತು
ಮೆಟ್ಟು ಇಟ್ಟು ಹೋಗುತ್ತಿದ್ದವನು.
ಆ ಮಾತು ನಾವಿಬ್ಬರೂ ಎತ್ತಲಿಲ್ಲ.
ಒಮ್ಮೆ ಮಾತ್ರ, ಚರ್ಮ ನೆನೆಹಾಕುತ್ತ, ಅಂದ:
'ನಿಮಗೆ ಬೇಡ ಅನ್ನಿಸಿದ್ರೆ ಇದನ್ನ ಬಿಟ್ಟೂ ಹೋಗ್ಬಹುದು.
ನನಗೆ ಅದು ಇರ್ಲಿಲ್ಲ.'
ನೂಲಿಗೆ ಮೇಣ ತಿಕ್ಕಿದೆ, ಬಹಳ ಹೊತ್ತು.

ಕೇಳಿದವರಿಗೆ ಅಮ್ಮ ಹೇಳುತ್ತಾಳೆ,
'ಮೆಡಿಕಲ್ ಲೈನಲ್ಲೇ ಅವ್ನೆ.'
ಸುಳ್ಳೂ ಅಲ್ಲ.
ಸುಗುಣ ಏನೂ ಹೇಳುವುದಿಲ್ಲ. ಸ್ಕೂಲಿನ ಸಂಬಳ ಬಂದ ದಿನ
ಕಂತಿನ ರಸೀದಿಗಳನ್ನು ಒಂದೊಂದೇ ಮಡಿಸಿ
ನಾನು ನೋಡುವ ಕಡೆ ಇಡುತ್ತಾಳೆ.

ಈ ಬೆಳಿಗ್ಗೆ ಗಂಗರತ್ನಮ್ಮ,
ಮಂಡಿಯಲ್ಲಿ ನಾಲ್ಕು ಗಂಟೆಯಿಂದ ನಿಂತು ಕಾಯಿ ಆರಿಸುವವಳು.
ಹಳೆ ಪ್ರಚಾರದ ಹಾಳೆ ಮಗುಚಿ ಪಾದ ಇರಿಸಿದೆ:
ಆ ಬದಿ ಹೊಳೆಯುವ ಯಕೃತ್ತು, ಈ ಬದಿ ನಾಲ್ಕು ಬೆರಳು.
ಪೆನ್ಸಿಲು ಸುತ್ತ ಹರಿಯಿತು.
ಹೆಬ್ಬೆರಳಲ್ಲಿ ಇಲ್ಲ. ಅಂಚಿನಲ್ಲಿ ಇಲ್ಲ.
'ಗೊತ್ತೇ ಆಗ್ತಿಲ್ಲ ಕಣಪ್ಪ, ಬರೀತಾ ಇದ್ಯಾ?'
ಹಿಮ್ಮಡಿಯ ಒಳಮಗ್ಗುಲಿಗೆ ಬಂದಾಗ ಮಾತ್ರ
ಕಚಗುಳಿಯಾಗಿ ಕಾಲೆಳೆದುಕೊಂಡು
ಹುಡುಗಿಯ ಹಾಗೆ ನಕ್ಕಳು.
ಅಲ್ಲೊಂದು ಚುಕ್ಕೆ ಇಟ್ಟುಕೊಂಡೆ.

ಎಡಗಾಲಿಗೆ ತುಸು ಸಡಿಲ, ಸಂಜೆಗೆ ಊದಿಕೊಳ್ಳುತ್ತದೆ.
'ಯಾವತ್ತು ಬರ್ಲಿ?'
ಸೋಮವಾರ, ಅಂದೆ.
ಪಿಲ್ಲಪ್ಪ ಕೆಮ್ಮಿದ.
ಬುಧವಾರ, ಅಂದೆ.