ಮಹಡಿಯ ಸೋರೆನ್

ಗುಡ್ಡದ ಫ್ಯಾನು ರಿಪೇರಿಗೆಂದು ಡೆನ್ಮಾರ್ಕಿನಿಂದ ಬಂದವನು
ನಮ್ಮ ಮಹಡಿಗೆ ಬಾಡಿಗೆ. ಹೆಸರು ಸೋರೆನ್.
ಗ್ಯಾಸಿನ ಚೀಟಿಯಲ್ಲಿ ಸುರೇಂದ್ರ,
ಓಣಿ ಹುಡುಗರಿಗೆ ಸೋರೆಕಾಯಿ.
ಯಾವುದಕ್ಕಾದರೂ ತಿರುಗಿ ನೋಡುತ್ತಾನೆ, ಪಾಪ.

ಬಂದ ಹೊಸತರಲ್ಲಿ
ಒಣ ನಲ್ಲಿಯನ್ನು ಬಿಚ್ಚಿ ಬಿಚ್ಚಿ ಜೋಡಿಸುತ್ತಿದ್ದ,
ಕೆಟ್ಟಿದೆ ಅಂತ.
ಈಗ ನಡುರಾತ್ರಿ ಅವನೇ ಬಾಗಿಲು ಬಡಿದು
'ಅಕ್ಕಾ, ಶಾಂತಿಸಾಗರ ಬಂತು' ಅನ್ನುತ್ತಾನೆ,
ಕೈಯಲ್ಲಿ ಎರಡು ಬಿಂದಿಗೆ, ಒಂದು ನನ್ನದು.

ದುರ್ಗದ ಗಾಳಿ ಹಿಡಿಸಿತೇನಪ್ಪ, ಅಂದೆ ನಿನ್ನೆ.
ಮೀಟರ್ ನೋಡುವವನ ಹಾಗೆ ಮೂಗೆತ್ತಿ
ಜೋರಿದೆ, ಅಂದ. ಅಳತೆ ಸರಿ.
ಉಪ್ಪು ಮಾತ್ರ ಇಲ್ಲ.
ಅವನೂರಲ್ಲಿ ಗಾಳಿ ಸಮುದ್ರದ ಮೇಲಿಂದ ಬರುತ್ತದಂತೆ.

ಮಾಳಿಗೆ ಮೇಲೆ ಮೆಣಸಿನಕಾಯಿ ಹರವಿದ್ದೆ.
ಸೀನಿದ.
ನೂರು ವರ್ಷ, ಅಂದೆ.
ಗಾಬರಿಯಾಗಿ ಕೇಳಿದ: ಇಲ್ಲೇನಾ?