ಮೂರನೆಯ ಕೋಣೆಯ ಫೋನು

ಕುತೈಸಿಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜು ಈಗ ಮ್ಯೂಸಿಯಂ.
ನಾಲ್ಕು ಕೋಣೆ, ಕಡಿದಾದ ಮೆಟ್ಟಿಲು,
ಕೋಟು ತೂಗುಹಾಕಲು ಏಳು ಮೊಳೆ.
ಮೊದಲ ಕೋಣೆಯಲ್ಲಿ ತನ್ನ ನೆರಳನ್ನು ತಾನೇ ಅಳೆಯುವ ಕೋಲು.
ಎರಡನೆಯದರಲ್ಲಿ ಒಂದು ಪರದೆ: ನೀವು ಕಣ್ಣು ಮುಚ್ಚಿದಾಗಷ್ಟೇ
ಅದು ಏನನ್ನೋ ತೋರಿಸುತ್ತದಂತೆ.
ದೊಡ್ಡವರಾರೂ ಕಂಡಿಲ್ಲ. ಮಕ್ಕಳು
ಕಂಡೆವು ಎಂದು ಆಣೆ ಮಾಡುತ್ತಾರೆ.

ಮೂರನೆಯದರಲ್ಲಿ, ಕಾವಲಿಗೆ, ಲಮಾರಾ.
ಎಪ್ಪತ್ತೆರಡು ವಯಸ್ಸು, ನೀಲಿ ಸ್ವೆಟರು,
ಜೇಬಿನ ತುಂಬ ಸೂರ್ಯಕಾಂತಿ ಬೀಜ.
ಒಳಗೆ ತಿನ್ನಕೂಡದೆಂಬ ಫಲಕಕ್ಕೆ ಬೆನ್ನು ಹಾಕಿ ಕೂತಿದ್ದಾಳೆ.
ಎದುರಿಗೆ ಮೇಜು, ಮೇಜಿನ ಮೇಲೆ ಕಪ್ಪು ಫೋನು.
ಎತ್ತಿಕೊಂಡು ಏನಾದರೂ ಹೇಳಿ, ಯಂತ್ರ ಕೇಳುತ್ತದೆ;
ನೀವು ಉಸಿರೆಳೆದುಕೊಳ್ಳುವ ಸಂದು ನೋಡಿ
'ಹೋ' ಎನ್ನುತ್ತದೆ. ಅಷ್ಟೇ ಅದರ ವಿದ್ಯೆ.

ಆ ಊರ ಮಾತಿನಲ್ಲಿ ಹೋ ಎಂದರೆ ಹೌದು, ಆಯಿತು, ಆಮೇಲೆ?
ನಮ್ಮಲ್ಲಾದರೆ ಹೂಂಗುಟ್ಟುವುದು:
ಕತ್ತಲಲ್ಲಿ ಕತೆ ಹೇಳುವವರಿಗೆ
ಎಚ್ಚರಕ್ಕೂ ನಿದ್ದೆಗೂ ನಡುವಿನ ಗಡಿಕಲ್ಲು.
ಅದು ನಿಂತಿತೋ, ರಾಜಕುಮಾರ ಕಾಡಲ್ಲೇ ಉಳಿದ.

ಗೋಡೆಗೆ ಅಂಟಿಸಿದ ಚೀಟಿ, ಸಣ್ಣ ಅಕ್ಷರ:
ಕೇಳಿಸಿಕೊಳ್ಳುವುದಕ್ಕೆ ಯಾರಾದರೂ ಇರಲೇಬೇಕೆ?

ಮೊನ್ನೆ ಟಿಬಿಲಿಸಿಯಿಂದ ಬಂದ ಇಬ್ಬರು ಪ್ರೊಫೆಸರರು
ಈ ಒಂದು ಸಾಲಿನ ಮುಂದೆ ನಲವತ್ತು ನಿಮಿಷ ನಿಂತರು.
ಇಲ್ಲದ ಮನಸ್ಸು, ಇದ್ದಂತೆ ತೋರುವ ಮನಸ್ಸು,
ತೋರಿಕೆಗೂ ಇರವಿಗೂ ನಡುವೆ ಎಷ್ಟು ಗೇಣು.
ಒಬ್ಬ ಟೋಪಿ ತೆಗೆದ, ಇನ್ನೊಬ್ಬ ಹಾಕಿಕೊಂಡ.
ಲಮಾರಾಳನ್ನು ಏನೂ ಕೇಳಲಿಲ್ಲ,
ಶೌಚಾಲಯ ಎಲ್ಲಿ ಎಂಬುದೊಂದನ್ನು ಬಿಟ್ಟು.

ಇದೇ ಕೋಣೆಯಲ್ಲಿ ಹತ್ತೊಂಬತ್ತು ವರ್ಷ
ತಂತಿ ಚುಚ್ಚಿ, ತಂತಿ ಕಿತ್ತು ಬದುಕಿದವಳು.
ತಲೆಗೆ ಕಬ್ಬಿಣದ ಪಟ್ಟಿ, ಎದುರಿಗೆ ಇನ್ನೂರು ತೂತು,
ಒಂದೊಂದು ತೂತಿನೊಳಗೂ ಒಂದೊಂದು ಮನೆ.
ಕದ್ದು ಕೇಳಕೂಡದೆಂಬ ಫಲಕ ಆಗಲೂ ಇತ್ತು,
ಆಗಲೂ ಅದಕ್ಕೆ ಬೆನ್ನು ಹಾಕಿಯೇ ಕೂತಿದ್ದಳು.

ಯುದ್ಧದ ವರ್ಷ. ಸಮುದ್ರದ ಕಡೆಯಿಂದ ಒಂದು ಕರೆ.
ಊರಿಗೆ ಕರೆಂಟಿಲ್ಲ, ಮೇಜಿನ ಮೇಲೆ ಮೇಣದ ಬತ್ತಿ,
ಬ್ಯಾಟರಿಗೆ ಉಸಿರಿರುವಷ್ಟು ಹೊತ್ತು ಮಾತು.
ನಾನು ಬದ್ರಿ, ಅಮ್ಮನಿಗೆ ಕೊಡಿ.
ಚುಚ್ಚಿದಳು. ಆಚೆ ಗಂಟೆ ಬಾರಿಸಿತು,
ಯಾರೋ ಎತ್ತಿದರು, ಆ ತಂತಿ ಸತ್ತಿತು.
ಹುಡುಗನಿಗೆ ತಿಳಿಯಲಿಲ್ಲ. ಹೇಳುತ್ತಲೇ ಇದ್ದ:
ಬೂಟು ಒದ್ದೆ, ಬ್ರೆಡ್ಡು ಪರವಾಗಿಲ್ಲ, ಹೆದರಿಕೆಯೇನಿಲ್ಲ,
ದ್ರಾಕ್ಷಿ ಬಳ್ಳಿ ಕತ್ತರಿಸಬೇಡ, ನಾನೇ ಬಂದು ಕತ್ತರಿಸುತ್ತೇನೆ,
ಅಮ್ಮಾ? ಅಮ್ಮಾ, ಇದ್ದೀಯಾ?

ಹೋ, ಎಂದಳು ಲಮಾರಾ.

ಹನ್ನೊಂದು ನಿಮಿಷ. ಎಷ್ಟು ಹೋ ಅಂದಳೋ ಲೆಕ್ಕವಿಲ್ಲ.
ನಡುವೆ ಒಮ್ಮೆ ಬತ್ತಿಯ ಹೊಗೆಗೆ ಕೆಮ್ಮು ಬಂತು.
ಹುಡುಗ ತಡೆದ. ನೆಗಡಿಯಾ, ಎಂದ.
ಹೋ.
ತುಸು ಹೊತ್ತು ತಂತಿಯ ಗುಂಯ್ ಮಾತ್ರ.
ಆಮೇಲೆ, ಮೊದಲಿಗಿಂತ ಮೆಲ್ಲಗೆ,
ಅಮ್ಮನಿಗೆ ಹೇಳಬಾರದ್ದನ್ನೆಲ್ಲ ಹೇಳಿದ.

ಮ್ಯೂಸಿಯಂ ನೋಡಿಕೊಳ್ಳುವ ಹುಡುಗಿ ನುತ್ಸಾ,
ಕೈಯಲ್ಲಿ ಯಾವಾಗಲೂ ನೋಟ್‌ಬುಕ್ಕು,
ಒಂದು ದಿನ ಕೇಳಿದಳು: ನೀವು ದಿನವೂ ಇಲ್ಲಿರುತ್ತೀರಿ,
ಇದಕ್ಕೆ ಇನ್ನೇನು ಕಲಿಸಬೇಕು ಅನಿಸುತ್ತದೆ?
ಕೆಮ್ಮು, ಎಂದಳು ಲಮಾರಾ.
ನುತ್ಸಾ ನಕ್ಕಳು. ಆದರೂ ಬರೆದುಕೊಂಡಳು.

ಸೋಮವಾರ ರಜೆ. ಕೋಣೆಗಳಿಗೆ ಬೀಗ,
ಕೋಲು ಅಳೆಯುತ್ತಿಲ್ಲ, ಪರದೆಗೆ ಮುಸುಕು.
ಹತ್ತಿಯನ್ನು ಚಾಚಾದಲ್ಲಿ ಅದ್ದಿ
ವಾರದ ಎಂಜಲನ್ನೆಲ್ಲ ಫೋನಿನಿಂದ ಒರೆಸಿ
ಯಾಕೋ ಕಿವಿಗಿಟ್ಟುಕೊಂಡಳು.
ಇಬ್ಬರೂ ಕೇಳುವ ಕಸುಬಿನವರೇ.
ಹೇಳುವವರಾರೂ ಇಲ್ಲ.
ಒಂಬತ್ತು ಸೆಕೆಂಡು ಸುಮ್ಮನಿದ್ದರೆ
ಯಂತ್ರವೇ ಎನ್ನಬೇಕೆಂದು ಯಾರೋ ಬರೆದಿಟ್ಟಿದ್ದಾರೆ.

ಹೋ, ಎಂದಿತು.

ತಡಿ, ಎಂದಳು ಲಮಾರಾ, ಸಿಪ್ಪೆಯನ್ನು ಅಂಗೈಗೆ ಉಗಿದು,
ತಡಿ, ಬಾಯಲ್ಲಿ ಬೀಜ ಇದೆ.