ಮುಳ್ಳು

ಇಪ್ಪತ್ತೆರಡು ವರ್ಷ ಆಲೂಗಡ್ಡೆ ತೂಗಿದ್ದೇನೆ
ಬೊಗೊಟಾದ ಸಗಟು ಮಂಡಿಯಲ್ಲಿ, ನಸುಕಿಗೂ ಮುಂಚಿನ ಚಳಿಯಲ್ಲಿ.
ಮೂಟೆ ಹೆಗಲಿಗೆ ಬಂದ ಕೂಡಲೇ ಹೇಳಬಲ್ಲೆ:
ಐವತ್ತಕ್ಕೆ ಒಂದೂವರೆ ಕಮ್ಮಿ.
ಗಡ್ಡೆ ಎಷ್ಟು, ಮಣ್ಣೆಷ್ಟು, ಸುಳ್ಳೆಷ್ಟು.
ಗ್ರಾಮನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದವನಲ್ಲ.
ಗ್ರಾಮು ಅಂದರೆ ತಟ್ಟೆಯಿಂದ ಉದುರಿದ ಧೂಳು,
ಪೊರಕೆಯ ಪಾಲು.

ಆಮೇಲೆ ಇವಳು ಬಂದಳು, ಒಂಬತ್ತು ವಾರ ಮೊದಲೇ.
ಮನೆಗೆ ಕಳಿಸಿದ ದಿನ
ಸಾವಿರದ ಎಂಟುನೂರ ಹತ್ತು.
ಲೀಗಿಯಾ ನರ್ಸು ನನ್ನ ಬರಿಯೆದೆಗೆ ಇವಳನ್ನು ಕಟ್ಟಿ
ಮೇಲೆ ಅಂಗಿಯ ಗುಂಡಿ ಹಾಕಿದಳು:
ಇನ್ನು ಗಾಜಿನ ಪೆಟ್ಟಿಗೆ ನೀನೇ ಎಲಿಯೇಸರ್,
ಬಿಸಿ ಆರಬೇಡ.

ಒಂದು ಹಾಳೆಯನ್ನೂ ಕೊಟ್ಟಳು.
ಮೂರು ಗಂಟೆಗೊಮ್ಮೆ, ಹಗಲಿರಲಿ ರಾತ್ರಿಯಿರಲಿ.
ನಲವತ್ತು ಮಿಲಿ. ಕಬ್ಬಿಣದ ಹನಿ.
ಮುಂದಿನ ಹಾಲು ತೆಳು, ಹಿಂಡಿ ಎತ್ತಿಡಿ;
ಹಿಂದಿನದರಲ್ಲಿ ಕೆನೆ, ಅದು ಅವಳಿಗೆ.
ನಮ್ಮ ಮೂಟೆಗಳಲ್ಲಿ ಇದು ತಿರುಗುಮುರುಗು.
ಗುಂಡಗಿದ್ದದ್ದು ಬಾಯಲ್ಲಿ, ಕೊಳೆತದ್ದು ತಳದಲ್ಲಿ.
ಒಳ್ಳೆಯದನ್ನು ಕೊನೆಗೆ ಕೊಡುವ ವ್ಯಾಪಾರ
ನಾನು ನೋಡಿದ್ದು ಯಮಿಲೆಯ ಎದೆಯಲ್ಲೇ ಮೊದಲು.

ಹತ್ತು ಸಲ ಎಳೆದು ನಿಲ್ಲಿಸುತ್ತಾಳೆ ನೊಹೆಮಿ,
ಗುಡ್ಡದ ಕೇರಿಗೆ ಸಿಲಿಂಡರ್ ಹೊತ್ತು ತಂದವನ ಹಾಗೆ
ಏದುಸಿರು ಬಿಡುತ್ತಾಳೆ,
ಮೂಗಿನ ನಳಿಗೆ ಅಂಟಿಸಿದ ಟೇಪು ಕೆನ್ನೆಯಲ್ಲಿ ಕುಣಿಯುತ್ತದೆ.
ಕುಡಿಯುವುದೂ ಕೂಲಿ ಕೆಲಸವೇ ಇವಳಿಗೆ.
ಸಂಬಳಕ್ಕಿಂತ ದಣಿವು ಹೆಚ್ಚಾಗಬಾರದಲ್ಲ,
ಉಳಿದದ್ದನ್ನು ಪುಟ್ಟ ಲೋಟದ ಅಂಚಿನಿಂದ
ಕೆಳತುಟಿಗೆ ಮುಟ್ಟಿಸುತ್ತೇನೆ, ಸುರಿಯುವುದಿಲ್ಲ.
ಬೆಕ್ಕಿನ ಮರಿಯಂತೆ ನಾಲಿಗೆ ಚಾಚಿ
ತಾನೇ ತಗೊಳ್ಳುತ್ತಾಳೆ.

ಅತ್ತೆ ಎರ್ಮಿನಿಯಾ ಬೆಲ್ಲದ ನೀರು ಕುದಿಸಿ ತಂದರು.
ಒಂದು ಚಮಚ, ಅಷ್ಟೇ. ನೀವೆಲ್ಲ ಇದರಲ್ಲೇ ಬೆಳೆದವರು.
ಯಮಿಲೆ ಚಮಚ ಇಸಕೊಂಡು
ತನ್ನ ಬಾಯಿಗೇ ಹಾಕಿಕೊಂಡಳು.
ಅತ್ತೆ ಎರಡು ದಿನ ಮಾತಾಡಲಿಲ್ಲ,
ಮೂರನೆಯ ದಿನ ಹಾಲಿನ ಲೋಟಗಳನ್ನು ಕುದಿಸಿಟ್ಟರು,
ಆಗಲೂ ಮಾತಾಡಲಿಲ್ಲ.

ಈಗ ನನ್ನ ಮಾತು.
ಭಾನುವಾರ ರಾತ್ರಿ ಎಷ್ಟು ಚಂದ ಮಲಗಿದ್ದಳೆಂದರೆ,
ಎದೆಯ ಮೇಲೆ ಕಾಯಿಸಿದ ಕಲ್ಲಿನ ಹಾಗೆ,
ಹನ್ನೆರಡಕ್ಕೆ ಎಬ್ಬಿಸಲಿಲ್ಲ.
ಮೂರಕ್ಕೂ ಎಬ್ಬಿಸಲಿಲ್ಲ.
ಗಡಿಯಾರದ ಮುಳ್ಳು ನೋಡಿದೆ, ನೋಡಿಯೂ ಕಣ್ಣು ಮುಚ್ಚಿದೆ.
ಸೋಮವಾರ ರಾತ್ರಿಯೂ ಹಾಗೇ.
ಹಸಿವಾದರೆ ಅಳುತ್ತಾಳೆ ಅಂದುಕೊಂಡೆ.
ಅಳದವನಿಗೆ ಹಾಲಿಲ್ಲ ಅಂತ ಮಂಡಿಯಲ್ಲಿ
ದಿನಕ್ಕೆ ಹತ್ತು ಸಲ ಕೇಳುವ ಗಾದೆ.

ಗುರುವಾರದ ತೂಕ: ನಾಲ್ಕು ದಿನಕ್ಕೆ ಹನ್ನೊಂದು ಗ್ರಾಮು.
ಲೀಗಿಯಾ ಬಯ್ಯಲಿಲ್ಲ. ಹಾಳೆಯಲ್ಲಿ ಬರೆದುಕೊಳ್ಳುತ್ತಲೇ ಹೇಳಿದಳು:
ಇಂಥ ಮಕ್ಕಳು ಹಸಿದರೆ ಅಳುವುದಿಲ್ಲ, ಮಲಗುತ್ತವೆ.
ಅಳುವುದಕ್ಕೂ ಶಕ್ತಿ ಬೇಕು.

ಅವತ್ತು ನಮ್ಮ ಗಾದೆ ಮುರಿದುಬಿತ್ತು.

ಜೀವಮಾನವಿಡೀ ಗಿರಾಕಿಗಳು ಬಯ್ದಿದ್ದಾರೆ,
ಹೆಬ್ಬೆರಳು ಒತ್ತುತ್ತೀಯ, ಕಳ್ಳ, ಎಂದು.
ಒಮ್ಮೊಮ್ಮೆ ಒತ್ತಿದ್ದೂ ಉಂಟು.
ಮುಂದಿನ ಗುರುವಾರ ಆ ಬಿಳಿ ತಟ್ಟೆಯ ಪಕ್ಕ ನಿಂತಾಗ
ನನ್ನ ಹೆಬ್ಬೆರಳು ತುರಿಸಿತು.
ಯಾರೂ ನೋಡುತ್ತಿರಲಿಲ್ಲ.
ಎರಡೂ ಕೈ ಹಿಂದೆ ಕಟ್ಟಿಕೊಂಡು,
ಉಸಿರು ತಾಗಿ ತೂಕ ಹೆಚ್ಚೀತೆಂದು ಅದನ್ನೂ ಹಿಡಿದು,
ನೋಡಿದೆ.

ಸಂಖ್ಯೆ ನಿಮಗೆ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ.
ಮಂಡಿಯಲ್ಲಿ ಮಾತ್ರ ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದೆ,
ದೋನ್ ಅರ್ನುಲ್ಫೋ ಆ ದಿನ ತೂಗಿದ್ದರಲ್ಲಿ
ಅರ್ಧ ಕಿಲೋ ನಷ್ಟ ನನ್ನ ಲೆಕ್ಕಕ್ಕೆ ಬರೆದ.
ಬರೆಯಲಿ.

ಈಗ ಮೂರಕ್ಕೆ ಐದು ನಿಮಿಷ.
ಪಕ್ಕದಲ್ಲಿ ಯಮಿಲೆ, ಬಾಯಿ ತೆರೆದು ನಿದ್ದೆ.
ಒದ್ದೆ ಬಟ್ಟೆಯನ್ನು ಅಂಗಾಲಿಗೆ ತಾಗಿಸುತ್ತೇನೆ, ನನ್ನ ಹೆಬ್ಬೆರಳಿಗಿಂತ ಚಿಕ್ಕ ಪಾದ.
ಮುಖ ಹಿಂಡುತ್ತಾಳೆ. ಮತ್ತೆ ತಾಗಿಸುತ್ತೇನೆ.
ಏಳೇ, ಏಳು, ಕೆಲಸಕ್ಕೆ ಹೊತ್ತಾಯಿತು,
ಬಯ್ಯಿ ನನ್ನನ್ನು,
ಜೋರಾಗಿ ಬಯ್ಯಿ.